ಚಿತ್ರವಿಮರ್ಶೆ ಮತ್ತು ಸಮಾಜ ಪರಿವರ್ತನೆ

ಚಲನಚಿತ್ರದ ಕಥೆಯನ್ನು ಹೇಳಿ ನಟರನ್ನು ಹೊಗಳಿದ ಮಾತ್ರಕ್ಕೆ ಅದು ವಿಮರ್ಶೆಯಾಗದು. ಸಮಾಜದ ಪರಿವರ್ತನೆಗೆ ನೆರವಾಗಬಯಸುವ ವಿಮರ್ಶಕನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಕಥೆಯನ್ನು ಕಾಣುವ ಕಣ್ಣು ಯಾರದು? ದಂಡನೆ ಯಾರಿಗೆ? ಪಾರಾದವರು ಯಾರು?

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇದಕ್ಕೆ ತಕ್ಕ ನಿದರ್ಶನ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ, ಸ್ವರ್ಣಕಮಲ ಪಡೆದ ಈ ಚಿತ್ರದಲ್ಲಿ ಗರ್ಭಿಣಿಯಾದ ವಿಧವೆ ಯಮುನೆಯ ಪಾಡನ್ನು ವೇದಪಾಠಶಾಲೆಯ ಬಾಲಕ ನಾಣಿಯ ಕಣ್ಣು ಕಾಣುತ್ತದೆ. ಪ್ರಿಯಕರನು ಜಾರಿಕೊಳ್ಳುತ್ತಾನೆ, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ.

ಈ ಶೋಷಣೆ ತಪ್ಪೆಂದಷ್ಟೇ ಬರೆದರೆ ಅದು ಘೋಷಣೆ. ಬಾಲಕನ ಮುಗ್ಧಪ್ರೀತಿಯೆದುರು ಹಿರಿಯರ ಕಟ್ಟಳೆ ಹೇಗೆ ಕುಬ್ಜವಾಗುತ್ತದೆಂಬುದನ್ನು ದೃಶ್ಯಗಳ ಆಧಾರದಿಂದ ತೋರಿಸಿದರೆ ಅದು ವಿಮರ್ಶೆ. ಓದುಗನು ತನ್ನ ಊರಿನಲ್ಲಿಯೂ ಆ ಮೂರು ಪ್ರಶ್ನೆಗಳನ್ನು ಕೇಳುವಂತಾದರೆ ವಿಮರ್ಶಕನ ಶ್ರಮ ಸಾರ್ಥಕ.