ಕೊಲೆಗಾರ ಯಾರೆಂದು ಊರಿಗೆ ಗೊತ್ತಾಗಬಾರದು: ಪತ್ತೇದಾರಿ ನಾಟಕ ಆಡುವವರಿಗೆ ಒಂಬತ್ತು ಸೂತ್ರ

ದೊಡ್ಡ ನಗರದ ಪ್ರೇಕ್ಷಕರಿಗೆ ರಂಗದ ಮೇಲಿರುವವರು ಅಪರಿಚಿತರು. ತಾಲ್ಲೂಕು ಕೇಂದ್ರದಲ್ಲಿ ಹಾಗಲ್ಲ. ಇನ್‌ಸ್ಪೆಕ್ಟರ್ ವೇಷದಲ್ಲಿರುವವರು ಹೈಸ್ಕೂಲ್ ಮೇಷ್ಟ್ರು, ವಿಧವೆಯ ಪಾತ್ರ ಬ್ಯಾಂಕಿನ ಮೇಡಂ ಅವರದು ಎಂದು ಮೂರನೇ ಸಾಲಿನ ಅಜ್ಜಿಗೂ ಗೊತ್ತು. ಇಂಥ ಕಡೆ ಕೊಲೆಯ ಗುಟ್ಟನ್ನು ಎರಡು ಗಂಟೆ ಕಾಯುವುದು ಬೇರೆಯೇ ಕಸುಬು.

1. ಮೊದಲು ಅನುಮತಿ. ಅಗಾಥಾ ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ. ನಮ್ಮ ಕಾಯ್ದೆಯಂತೆ ಲೇಖಕರು ಸತ್ತ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಅಂದರೆ 2036 ಮುಗಿಯುವವರೆಗೆ ಆಕೆಯ ನಾಟಕಗಳನ್ನು ಕನ್ನಡಕ್ಕೆ ತಂದು ಆಡಲು ಕೇಳಲೇಬೇಕು. ಪಾತ್ರಗಳ ಹೆಸರು ಬದಲಿಸಿ ‘ರೂಪಾಂತರ’ ಎಂದ ಮಾತ್ರಕ್ಕೆ ಬಿಡುಗಡೆ ಇಲ್ಲ. ಇದೆಲ್ಲ ಬೇಡವೆಂದರೆ ಸೊಫೋಕ್ಲಿಸ್ ಇದ್ದಾನೆ. ಈಡಿಪಸ್‌ನಲ್ಲಿ ತನಿಖೆ ನಡೆಸುವವನೇ ಕೊಲೆಗಾರ. ಲಂಕೇಶರ ಅನುವಾದ ಬಳಸುವುದಾದರೆ ಅದಕ್ಕೆ ಮಾತ್ರ ಅನುಮತಿ ಬೇಕು.

2. ಶಂಕಿತರು ಒಂದೆಡೆ ಸೇರಲು ನಮ್ಮದೇ ಕಾರಣ ಹುಡುಕಿ. ಕ್ರಿಸ್ಟಿಯ ‘ದಿ ಮೌಸ್‌ಟ್ರಾಪ್’ ನಾಟಕದಲ್ಲಿ ಹಿಮ ಸುರಿದು ಅತಿಥಿಗೃಹದ ದಾರಿ ಮುಚ್ಚುತ್ತದೆ. ನಮಗೆ ಜುಲೈ ತಿಂಗಳ ಮಲೆನಾಡು ಸಾಕು: ಘಾಟಿಯಲ್ಲಿ ಗುಡ್ಡ ಕುಸಿದಿದೆ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ. ಇನ್ನೂ ಒಳ್ಳೆಯ ನೆಪ ವೈಕುಂಠ ಸಮಾರಾಧನೆ. ಮಾತು ಬಿಟ್ಟ ದಾಯಾದಿಗಳೂ ಅವತ್ತು ಬರುತ್ತಾರೆ, ಎಲೆ ಎತ್ತುವ ಮೊದಲೇ ಆಸ್ತಿಯ ಮಾತು ಏಳುತ್ತದೆ.

3. ಊರಿನ ಅತ್ಯುತ್ತಮ ನಟನಿಗೆ ನಾಲ್ಕೇ ಮಾತಿನ ಪಾತ್ರ ಕೊಡಬೇಡಿ. ‘ಸುಮ್ಮನೆ ಕೂರಿಸಿಲ್ಲ, ಇವನೇ ಕೊಂದಿರಬೇಕು’ ಎಂದು ಜನ ಮೊದಲ ಅಂಕದಲ್ಲೇ ತೀರ್ಪು ಕೊಡುತ್ತಾರೆ. ಪ್ರತಿ ವರ್ಷ ಖಳನಾಗುವವರನ್ನು ಈ ಸಲ ನಿರಪರಾಧಿ ಮಾಡಿ. ಎಲ್ಲರ ಕಣ್ಣು ಅವರ ಮೇಲೇ ಇರುತ್ತದೆ. ದಾರಿ ತಪ್ಪಿಸುವ ಕೆಲಸ ಪುಕ್ಕಟೆ ಆಯಿತು.

4. ಸುಳಿವನ್ನು ಒಮ್ಮೆ ಕಾಣಿಸಿ, ಒಮ್ಮೆ ಕೇಳಿಸಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದವರು ಅನುಮಾನ ಬಂದಾಗ ಹಾಳೆ ಹಿಂದಕ್ಕೆ ತಿರುವಬಹುದಿತ್ತು. ನಾಟಕ ನೋಡುವವರಿಗೆ ಆ ಅನುಕೂಲವಿಲ್ಲ. ಕೊನೆಯ ಸಾಲಿಗೆ ಉಂಗುರ ಕಾಣದು, ಊರುಗೋಲು ಕಾಣುತ್ತದೆ. ಸುಳಿವು ಬಂದ ಬೆನ್ನಿಗೇ ಒಂದು ನಗೆಮಾತು ಬರಲಿ, ಇಲ್ಲವೇ ಯಾರಾದರೂ ಬಾಗಿಲು ಬಡಿಯಲಿ. ಸುಳಿವಿನ ಮಾತಾಡಿದ ನಟ ಅದನ್ನು ಒತ್ತಿ ಹೇಳಿ ಸಭಿಕರತ್ತ ನೋಡಿದನೋ, ಕೆಟ್ಟಿತು.

ಕಥೆ ಗೊತ್ತಿಲ್ಲದ ನಾಲ್ವರನ್ನು ತಾಲೀಮಿಗೆ ಕರೆದು, ಮಧ್ಯದಲ್ಲಿ ನಿಲ್ಲಿಸಿ, ಕೊಲೆಗಾರನ ಹೆಸರು ಚೀಟಿಯಲ್ಲಿ ಬರೆಸಿ. ನಾಲ್ಕರಲ್ಲೂ ಸರಿಯಾದ ಹೆಸರಿದ್ದರೆ ಸುಳಿವು ಹೆಚ್ಚಾಗಿದೆ. ನಾಟಕ ಮುಗಿದ ಮೇಲೂ ಒಬ್ಬರಾದರೂ ‘ಅಯ್ಯೋ, ಕಣ್ಣೆದುರೇ ಇತ್ತಲ್ಲ’ ಎನ್ನದಿದ್ದರೆ ಮೋಸ ಮಾಡಿದ್ದೀರಿ. ಎರಡನೆಯದನ್ನು ಜನ ಕ್ಷಮಿಸುವುದಿಲ್ಲ.

5. ಕೊಲೆಗಾರನಿಗೆ ವಾರೆನೋಟ ಬೇಡ. ಉಳಿದವರಿಗೂ ಮುಚ್ಚಿಡಲು ಒಂದೊಂದು ವಿಷಯ ಕೊಡಿ: ತೀರದ ಸಾಲ, ಮನೆಯಲ್ಲಿ ಹೇಳದ ಪ್ರೇಮ, ಅಡವಿಟ್ಟ ಬಳೆ. ಆಗ ಎಲ್ಲರೂ ಸಮಾನವಾಗಿ ತಡವರಿಸುತ್ತಾರೆ.

6. ಹೆಣವನ್ನು ಸೋಫಾದ ಹಿಂದೆ ಮಲಗಿಸಿ, ಪಾದ ಮಾತ್ರ ಕಾಣಲಿ. ಪೂರ್ತಿ ತೋರಿಸಿದರೆ ಪ್ರೇಕ್ಷಕರು ಕಥೆ ಬಿಟ್ಟು ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಾರೆ. ಬಯಲು ರಂಗಮಂದಿರವಾದರೆ ಆ ಪಾದಕ್ಕೆ ಸೊಳ್ಳೆ ಮುಲಾಮು ಕಡ್ಡಾಯ. ರಕ್ತಕ್ಕೆ ಸಕ್ಕರೆ ಪಾಕ, ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ. ಕೋಕೋ ಇಲ್ಲದಿದ್ದರೆ ದೀಪದಡಿ ಶರಬತ್ತು. ನಿಜವಾದ ಬಂದೂಕು, ಗುಂಡಿಲ್ಲದ್ದಾದರೂ, ರಂಗದ ಹತ್ತಿರ ಸುಳಿಯಬಾರದು. ನೇಪಥ್ಯದಲ್ಲಿ ಎರಡು ಹಲಗೆಗಳನ್ನು ಜೋರಾಗಿ ಬಡಿದರೆ ಬೇಕಾದ ಸದ್ದು ಬರುತ್ತದೆ. ಸ್ಪೀಕರಿನ ಸದ್ದು ಒಂದು ಕ್ಷಣ ತಡವಾದರೂ ಸತ್ತವನು ಮೊದಲು ಬಿದ್ದು, ಗುಂಡು ಆಮೇಲೆ ಹಾರುತ್ತದೆ.

7. ಇನ್‌ಸ್ಪೆಕ್ಟರ್ ಬಾಯಲ್ಲಿ ‘302’ ಹಳತಾಯಿತು. 2024ರ ಜುಲೈ 1ರ ಈಚಿನ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ. 302ರ ಗತ್ತು ಬಿಡಲಾಗದವರು ಕಥೆಯನ್ನೇ 1980ರ ದಶಕಕ್ಕೆ ಒಯ್ಯಲಿ, ಮೊಬೈಲ್ ಕಾಟವೂ ತಪ್ಪುತ್ತದೆ.

8. ಜನರೇಟರ್ ತರಿಸಿ. ಕೊಲೆ ನಡೆಯುವುದೇ ಕತ್ತಲಲ್ಲಿ. ಆಗ ನಿಜಕ್ಕೂ ಕರೆಂಟ್ ಹೋದರೆ ಅದೂ ನಾಟಕವೇ ಎಂದು ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ, ಸ್ವಲ್ಪ ಹೊತ್ತು.

9. ಗುಟ್ಟು ಸೋರುವ ತೂತುಗಳನ್ನು ಮುಚ್ಚಿ. ಲಂಡನ್ನಿನಲ್ಲಿ 1952ರ ನವೆಂಬರ್ 25ರಂದು ಶುರುವಾದ ‘ದಿ ಮೌಸ್‌ಟ್ರಾಪ್’ ಮುಗಿದ ಮೇಲೆ, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಸಂಪ್ರದಾಯ. ನಮ್ಮಲ್ಲಿ ಅಪಾಯ ಬರುವುದು ನಾಟಕಕ್ಕೂ ಮೊದಲು, ಸಭಾ ಕಾರ್ಯಕ್ರಮದಲ್ಲಿ. ಮುಖ್ಯ ಅತಿಥಿಗೆ ಹಾರ ಕೊಡಿ, ಹಸ್ತಪ್ರತಿ ಕೊಡಬೇಡಿ. ಓದಿದ್ದೇನೆಂದು ತೋರಿಸಲು ಅವರು ಕಥೆಯನ್ನೆಲ್ಲ ಹೇಳಿಬಿಡುತ್ತಾರೆ. ಕರಪತ್ರದಲ್ಲಿ ಕಲಾವಿದರ ಹೆಸರು ಪ್ರವೇಶದ ಕ್ರಮದಲ್ಲೇ ಇರಲಿ. ಇನ್ನು ಮಧ್ಯಂತರದ ಸನ್ಮಾನ: ‘ಇಂದಿನ ಮುಖ್ಯ ಪಾತ್ರಧಾರಿ’ ಎಂದು ಶಾಲು ಹೊದಿಸುವುದನ್ನು ಪರದೆ ಬೀಳುವವರೆಗೆ ಮುಂದಕ್ಕೆ ಹಾಕಿ. ದಾನಿಗಳು ಒಪ್ಪದಿದ್ದರೆ ಶಾಲನ್ನು ಹೆಣಕ್ಕೆ ಹೊದಿಸಿ.