ಮನೆಯಲ್ಲಿ ಕಲಿಯುವ ಮಗುವಿಗೆ ದೊರೆಯುವ ನೆರವು



ಈ ಸಲದ ಪಾಠ ಬೆಳೆಗೆ ಸಂಬಂಧಿಸಿದ್ದಲ್ಲ. ಆದರೂ ಇದು ನನಗೆ ದೊರೆತದ್ದು ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಹೋದ ವರ್ಷ ಅಂಬಾಜಿದುರ್ಗ ಹೋಬಳಿಯ ಒಂದು ಹಳ್ಳಿಯಿಂದ ರೈತರೊಬ್ಬರು, ಹುಳುಗಳಿಗೆ ಸಪ್ಪೆ ರೋಗ ತಗುಲಿರಬಹುದೆಂದು ಹೇಳಿಕಳುಹಿಸಿದ್ದರು. ಹೋಗಿ ತಟ್ಟೆಗಳನ್ನು ನೋಡಿದೆನು. ರೋಗವೇನೂ ಇರಲಿಲ್ಲ. ಒದ್ದೆ ಸೊಪ್ಪು ಹಾಕಿದ್ದರಿಂದ ಹಾಸಿಗೆಯಲ್ಲಿ ತೇವ ನಿಂತಿತ್ತು. ಕಿಟಕಿ ತೆಗೆದು ಗಾಳಿ ಆಡಿಸಲು ಹೇಳಿ, ಮೂರನೇ ಜ್ವರ ಎದ್ದು ಎಷ್ಟು ದಿನವಾಯಿತೆಂದು ಕೇಳಿದೆನು. ಯಜಮಾನರು ಬೆರಳು ಮಡಿಸುತ್ತಿರುವಷ್ಟರಲ್ಲಿ ನಡುಮನೆಯಿಂದ "ಎರಡು ದಿನ" ಎಂದು ಸಣ್ಣ ದನಿಯೊಂದು ಬಂದಿತು.

ಚಾಪೆಯ ಮೇಲೆ ಹನ್ನೊಂದು ವರ್ಷದ ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಹುಟ್ಟಿದಾಗಿನಿಂದ ಕೈಕಾಲು ಸರಿಯಾಗಿ ಸ್ವಾಧೀನಕ್ಕೆ ಬಂದಿಲ್ಲ. ಮುಂದೆ ಎರಡು ತಗಡಿನ ಡಬ್ಬಿಗಳು. ಚಾಕಿ ಮನೆಗೆ ಬಂದ ದಿನದಿಂದ ದಿನಕ್ಕೊಂದು ಹುಣಿಸೆ ಬೀಜವನ್ನು ಈ ಡಬ್ಬಿಯಿಂದ ಆ ಡಬ್ಬಿಗೆ ಹಾಕುತ್ತಾಳೆ. ಹುಳು ಜ್ವರಕ್ಕೆ ಕೂತ ದಿನ ಬೀಜದ ಜೊತೆ ಒಂದು ಕಲ್ಲು. ಏಳನೇ ತರಗತಿಯವರೆಗೆ ಓದಿದ ತಾಯಿ ಈ ಲೆಕ್ಕ ಕಲಿಸಿದ್ದರು. ಅಕ್ಷರಗಳೂ ಬಂದಿದ್ದವು. ಗೊಬ್ಬರದ ಚೀಲದ ಮೇಲಿನ ಹೆಸರನ್ನು ಓದಿ ತೋರಿಸಿದಳು.

"ಯಾವ ಕ್ಲಾಸಮ್ಮಾ?" ಎಂದು ಕೇಳಿದೆನು. ಅವಳು ತಂದೆಯ ಮುಖ ನೋಡಿದಳು.

"ಇವಳ ಹೆಸರು ಶಾಲೆಯಲ್ಲಿಲ್ಲ ಸಾರ್," ಎಂದರು ಅವರು. "ಒಂದನೇ ಕ್ಲಾಸಿಗೆ ಸೇರಿಸಿದ ವರ್ಷವೇ ಕೊರೋನಾ ಬಂತು. ಆಗ ಮೇಷ್ಟ್ರು ನಮ್ಮ ಬೀದಿಗೇ ಬಂದು ಗುಡಿಯ ಜಗಲಿಯ ಮೇಲೆ ಪಾಠ ಮಾಡುತ್ತಿದ್ದರು. ನಮ್ಮಮ್ಮ ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿಸುತ್ತಿದ್ದಳು. ಅಕ್ಷರ ಹಿಡಿದದ್ದೇ ಆವಾಗ. ಆಮೇಲೆ ಶಾಲೆ ತೆರೆಯಿತು. ದಿನಾ ಹೊತ್ತುಕೊಂಡು ಹೋಗುವುದಕ್ಕೆ ಆಗಲಿಲ್ಲ. ಬಾರದ ಮಗುವಿನ ಹೆಸರು ಇಟ್ಟುಕೊಳ್ಳುವುದು ಕಷ್ಟ ಎಂದರು. ಸರಿ ಎಂದು ರುಜು ಹಾಕಿ ಬಂದೆ."

ಒಲೆಯ ಹತ್ತಿರದಿಂದ ಅಜ್ಜಿ ಹೇಳಿದರು: "ಎಲ್ಲರ ಮಕ್ಕಳೂ ಮನೆಯಲ್ಲಿದ್ದಾಗ ಮೇಷ್ಟ್ರು ಬೀದಿಗೆ ಬಂದರು. ನಮ್ಮದೊಂದೇ ಉಳಿದಾಗ ಯಾರೂ ಬರಲಿಲ್ಲವಲ್ಲಪ್ಪಾ."

ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿರುವುದು ಕೃಷಿ ಡಿಪ್ಲೊಮಾ. ಅಂಗವಿಕಲರ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ ಎಂದಷ್ಟೇ ಹೇಳಿ ಬಂದೆನು. ಅದು ಅರ್ಧ ಸಲಹೆ. ಪೂರ್ತಿ ಸಲಹೆ ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟು ದಿನ ನಿಮಗೂ ಕಳೆಯದಿರಲೆಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿರುತ್ತೇನೆ.

ಕಾಯಿದೆ ಏನು ಹೇಳುತ್ತದೆ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯು 2009ರಲ್ಲಿ ಆಗಿ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಿ ಓದುವ ಹಕ್ಕುಂಟು. ಸೇರಿಸುವ ಕರ್ತವ್ಯ ತಂದೆತಾಯಿಗಳದು. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ವರ್ಗಾವಣೆ ಪತ್ರ ಬಂದಿಲ್ಲವೆಂದಾಗಲಿ ಸೇರಿಸಿಕೊಳ್ಳದೆ ಇರುವಂತಿಲ್ಲ.

ಈ ಕಾಯಿದೆಗೆ 2012ರಲ್ಲಿ ಒಂದು ತಿದ್ದುಪಡಿ ಬಂದಿತು. ನಮಗೆ ಬೇಕಾದದ್ದು ಇದೇ. ತೀವ್ರ ಸ್ವರೂಪದ ಅಂಗವಿಕಲತೆ ಇರುವ ಅಥವಾ ಒಂದಕ್ಕಿಂತ ಹೆಚ್ಚು ವಿಧದ ಅಂಗವಿಕಲತೆ ಇರುವ ಮಗು, ಬಯಸಿದರೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು ಹೊಂದಿರುತ್ತದೆ. ಇದಕ್ಕೆ ಗೃಹಾಧಾರಿತ ಶಿಕ್ಷಣವೆಂದು ಹೆಸರು. "ಬಯಸಿದರೆ" ಎಂಬ ಮಾತನ್ನು ಗಮನಿಸತಕ್ಕದ್ದು. ಶಾಲೆಗೆ ಬರಬಲ್ಲ ಮಗುವನ್ನು "ನೀನು ಮನೆಯಲ್ಲೇ ಇರು" ಎಂದು ಕಳುಹಿಸುವುದಕ್ಕೆ ಈ ತಿದ್ದುಪಡಿ ಆಧಾರವಾಗುವುದಿಲ್ಲ. ಆಯ್ಕೆ ಮಗುವಿನದು ಮತ್ತು ಮನೆಯವರದು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2016ರಲ್ಲಿ ಬಂದಿತು. ಇದರಲ್ಲಿ 21 ಬಗೆಯ ಅಂಗವಿಕಲತೆಗಳನ್ನು ಹೆಸರಿಸಿದೆ. ಶೇಕಡಾ 40 ಅಥವಾ ಹೆಚ್ಚು ಅಂಗವಿಕಲತೆ ಇರುವ ಮಗುವಿಗೆ 14ಕ್ಕೆ ಬದಲಾಗಿ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕುಂಟು. ಆದುದರಿಂದ "ವಯಸ್ಸು ಮೀರಿತು" ಎಂದು ಹನ್ನೆರಡು, ಹದಿಮೂರು ವರ್ಷದ ಮಗುವಿನ ಮನೆಯವರು ಕೈಚೆಲ್ಲಬೇಕಾಗಿಲ್ಲ.

ಹೆಸರು ದಾಖಲೆಯಲ್ಲಿರಬೇಕು

ಮನೆಯಲ್ಲಿ ಕಲಿಯುವ ಮಗುವಿನ ಹೆಸರು ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇರಲೇಬೇಕು. ಪಹಣಿಯಲ್ಲಿ ಹೆಸರಿಲ್ಲದ ರೈತನಿಗೆ ಬೆಳೆ ಪರಿಹಾರ ಬರುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿದೆ. ಇದೂ ಹಾಗೆಯೇ. ಪಠ್ಯಪುಸ್ತಕ, ಸಮವಸ್ತ್ರ, ಮನೆಗೆ ಬರುವ ಶಿಕ್ಷಕರು, ಸಾಧನ ಸಲಕರಣೆ, ಮುಂದೆ ಪರೀಕ್ಷೆ, ಎಲ್ಲಕ್ಕೂ ಆ ಒಂದು ಸಾಲು ಆಧಾರ. ನಮ್ಮ ರೈತರು ರುಜು ಹಾಕಿ ಅಳಿಸಿ ಬಂದದ್ದು ಆ ಸಾಲನ್ನೇ.

ಅಳಿಸಿ ಹೋಗಿದ್ದರೆ ಮತ್ತೆ ಸೇರಿಸಬಹುದು. ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇದೆ. ಹನ್ನೊಂದು ವರ್ಷದವಳನ್ನು ಒಂದನೇ ತರಗತಿಗೆ ಹಾಕುವ ಪ್ರಶ್ನೆ ಬರುವುದಿಲ್ಲ.

ಯಾರನ್ನು ಕಾಣಬೇಕು

ಮೊದಲು ಊರಿನ ಮುಖ್ಯ ಶಿಕ್ಷಕರು. ಅರ್ಜಿಯನ್ನು ಬರವಣಿಗೆಯಲ್ಲಿಯೇ ಕೊಡತಕ್ಕದ್ದು. ಬಾಯಿಮಾತು ಕಟ್ಟೆಯ ಮೇಲೆ ಸಾಕು, ಕಚೇರಿಯಲ್ಲಿ ಸಾಲದು. ಅರ್ಜಿಯ ಒಂದು ಪ್ರತಿಯನ್ನು ಚಿಂತಾಮಣಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಕೊಡಬೇಕು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದಂತೆ, ಅಂಗವಿಕಲ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಬಿ.ಐ.ಇ.ಆರ್.ಟಿ. ಶಿಕ್ಷಕರೆಂದರೆ ಶಾಲೆಯವರಿಗೆ ಗೊತ್ತಾಗುತ್ತದೆ. ಮನೆಗೆ ಬಂದು ಕಲಿಸುವವರು ಅವರೇ. ವೆಚ್ಚ ಸಮಗ್ರ ಶಿಕ್ಷಣ ಯೋಜನೆಯದು. ನೀವು ಏನೂ ಕೊಡಬೇಕಾಗಿಲ್ಲ.

ಎರಡನೆಯದಾಗಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇಂಥವರೊಬ್ಬರು ಇದ್ದಾರೆಂಬುದೇ ಅನೇಕರಿಗೆ ತಿಳಿಯದು. ಪಂಚಾಯಿತಿ ವ್ಯಾಪ್ತಿಯ ಅಂಗವಿಕಲರಿಗೆ ಅರ್ಜಿ ತುಂಬಿಸಿ, ಕಚೇರಿಗಳಿಗೆ ದಾರಿ ತೋರಿಸುವುದು ಇವರ ಕೆಲಸ. ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿ ಇಲ್ಲದಿದ್ದರೆ ಇವರ ಮೂಲಕ ಮೊದಲು ಅದನ್ನು ಮಾಡಿಸಿ. ಸರ್ಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ಶೇಕಡಾವಾರು ನಿರ್ಧರಿಸಿದ ಮೇಲೆ ಚೀಟಿ ಬರುತ್ತದೆ. ಪಂಚಾಯಿತಿಯು ತನ್ನ ಸ್ವಂತ ವರಮಾನದಲ್ಲಿ ಶೇಕಡಾ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು, ಈ ವರ್ಷ ಆ ಹಣ ಯಾವುದಕ್ಕೆ ಹೋಯಿತೆಂದು ಕೇಳಲು ಸಂಕೋಚ ಬೇಡ. ಚರಂಡಿಯ ಬಗ್ಗೆ ಕೇಳುವುದಿಲ್ಲವೇ?

ಹೆಣ್ಣು ಮಗುವಾದರೆ ಸಮಗ್ರ ಶಿಕ್ಷಣದಡಿ 1ರಿಂದ 12ನೇ ತರಗತಿಯವರೆಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ ಇದೆ. ದೊಡ್ಡ ಹಣವಲ್ಲ, ಆದರೆ ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದಿರಬೇಕಾದ್ದರಿಂದ ಮೊದಲೇ ತಿಳಿದಿರುವುದು ಒಳ್ಳೆಯದು. ಗಾಲಿ ಕುರ್ಚಿ, ಕ್ಯಾಲಿಪರ್, ಶ್ರವಣ ಸಾಧನ ಮುಂತಾದವುಗಳಿಗೆ ತಪಾಸಣಾ ಶಿಬಿರ ನಡೆಯುತ್ತದೆ. ದಿನಾಂಕವನ್ನು ಮುಖ್ಯ ಶಿಕ್ಷಕರಲ್ಲಿ ವಿಚಾರಿಸುತ್ತಿರಬೇಕು. ಶಿಬಿರ ತಪ್ಪಿದರೆ ಮುಂದಿನದಕ್ಕೆ ಕಾಯಬೇಕಾಗುತ್ತದೆ. ಮಿದುಳು ವಾತ, ಆಟಿಸಂ, ಬುದ್ಧಿಮಾಂದ್ಯ ಅಥವಾ ಬಹುವಿಧ ಅಂಗವಿಕಲತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಕೆಳಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದ್ದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅನುಕೂಲವಾಗುತ್ತದೆ.

ಶಿಕ್ಷಕರು ಬಾರದ ದಿನಗಳಲ್ಲಿ

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮನೆಗೆ ಬರುವ ಶಿಕ್ಷಕರು ದಿನವೂ ಬರುವುದಿಲ್ಲ. ತಾಲ್ಲೂಕಿನ ಹಳ್ಳಿಗಳೆಷ್ಟು, ಆ ಶಿಕ್ಷಕರೆಷ್ಟು ಎಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಬಂದ ದಿನ ಅವರು ಬೀಜ ಬಿತ್ತಿ ಹೋಗುತ್ತಾರೆ, ಉಳಿದ ದಿನ ನೀರು ಹಾಯಿಸುವವರು ಮನೆಯವರೇ. ಆದುದರಿಂದ ಅವರು ಬಂದಾಗ ಟೀ ಕೊಟ್ಟು ಪಕ್ಕಕ್ಕೆ ಸರಿಯಬೇಡಿ. ತಾಯಿಯೋ ಅಕ್ಕನೋ ಜೊತೆಗೆ ಕುಳಿತು ನೋಡಬೇಕು. ಆ ಮಗುವಿಗೆಂದೇ ಕಲಿಕೆಯ ಯೋಜನೆಯನ್ನು ಬರೆದುಕೊಡುವಂತೆ ಕೇಳಬೇಕು: ಮುಂದಿನ ಭೇಟಿಯವರೆಗೆ ಏನು ಕಲಿಸಬೇಕು, ಹೇಗೆ ಕೂರಿಸಬೇಕು, ಯಾವ ವ್ಯಾಯಾಮ ಮಾಡಿಸಬೇಕು. ಗೋಡೆಗೆ ಅಂಟಿಸಿಡಿ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಪುಸ್ತಕ ಕನ್ನಡ. ಶಾಲೆಗೆ ಹೋಗುವ ಮಗು ಆಟದಲ್ಲೇ ಎರಡನ್ನೂ ಕಲಿತುಬಿಡುತ್ತದೆ. ಚಾಪೆಯ ಮೇಲಿರುವ ಮಗುವಿಗೆ ಆ ಸೌಲಭ್ಯವಿಲ್ಲ. ಶಿಕ್ಷಕರಿಗೆ ಇದನ್ನು ಮೊದಲೇ ತಿಳಿಸಿ. ಮಗು ಉತ್ತರವನ್ನು ತೆಲುಗಿನಲ್ಲಿ ಹೇಳಿದರೆ ಅದು ತಪ್ಪುತ್ತರವಲ್ಲ. ಪಕ್ಕದ ಮನೆಯ ಇಬ್ಬರು ಮಕ್ಕಳು ಸಂಜೆ ಬಂದು ಕುಳಿತು ಓದಿದರೆ ಅದಕ್ಕಿಂತ ದೊಡ್ಡ ನೆರವು ಬೇರೆ ಇಲ್ಲ. ಇದಕ್ಕೆ ಯಾವ ಅರ್ಜಿಯೂ ಬೇಡ.

ಕಥೆಪುಸ್ತಕಗಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವುಂಟು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಅಣ್ಣನೋ ಅಕ್ಕನೋ ತಂದುಕೊಡಬಹುದು. ಅಜ್ಜಿ ನೆನೆಸಿಕೊಂಡ ಜಗಲಿ ಪಾಠವೂ ಆ ವರ್ಷದ್ದೇ. ಅದು ಶಿಕ್ಷಣ ಇಲಾಖೆಯ "ವಿದ್ಯಾಗಮ". 2020ರ ಆಗಸ್ಟ್‌ನಲ್ಲಿ ಆರಂಭವಾಗಿ, ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಮತ್ತೆ ನಡೆಯಿತು. ಶಿಕ್ಷಕರು ಬೀದಿಗೆ ಬಂದು ಕಲಿಸಬಲ್ಲರೆಂಬುದನ್ನು ನಮ್ಮ ಊರುಗಳು ಕಣ್ಣಾರೆ ಕಂಡಿವೆ.

ಬೇರೆ ಕಾರಣದಿಂದ ಮನೆಯಲ್ಲಿರುವ ಮಕ್ಕಳು

ಅಂಗವಿಕಲತೆ ಇಲ್ಲದಿದ್ದರೂ ತಾವೇ ಕಲಿಸುತ್ತೇವೆಂದು ಮಕ್ಕಳನ್ನು ಮನೆಯಲ್ಲಿ ಓದಿಸುವ ಕುಟುಂಬಗಳು ಬೆಂಗಳೂರಿನ ಕಡೆ ಉಂಟು. ಇಂಥವರಿಗೆ ಗೃಹಾಧಾರಿತ ಶಿಕ್ಷಣದ ಸೌಲಭ್ಯ ಅನ್ವಯಿಸುವುದಿಲ್ಲ. ಪರೀಕ್ಷೆಗೆ ಮಾತ್ರ ದಾರಿಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೇ ತರಗತಿ ಪರೀಕ್ಷೆಗೆ 14 ವರ್ಷ ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಐದು ವರ್ಷದೊಳಗೆ ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಇದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಹಣ ಕಟ್ಟುವ ಮೊದಲು ಪಾಠದ ಮಾಧ್ಯಮ ಯಾವುದೆಂದು ಕೇಳಿಕೊಳ್ಳಿ. ನಮ್ಮ ರಾಜ್ಯದ ಪರೀಕ್ಷಾ ಮಂಡಲಿಯ ಎಸ್.ಎಸ್.ಎಲ್.ಸಿ.ಯನ್ನೂ ಖಾಸಗಿ ಅಭ್ಯರ್ಥಿಯಾಗಿ ಬರೆಯಲು ಅವಕಾಶವಿದೆ. ಅಂಗವಿಕಲ ಅಭ್ಯರ್ಥಿಗಳಿಗೆ ಹೆಚ್ಚುವರಿ ಸಮಯ ಮತ್ತು ಬರೆದುಕೊಡುವವರ ಸಹಾಯ ದೊರೆಯುತ್ತದೆ.

ಇನ್ನು, ಸೊಪ್ಪು ಕೊಯ್ಯಲು ಆಳು ಸಿಗದೆಂದು ಮಗುವನ್ನು ಹುಳುಮನೆಯಲ್ಲಿ ನಿಲ್ಲಿಸಿಕೊಂಡು, ಕೇಳಿದವರಿಗೆ "ಮನೆಯಲ್ಲೇ ಓದುತ್ತಾನೆ" ಎನ್ನುವುದೂ ಕಂಡುಬಂದಿದೆ. ಇದು ಮನೆಪಾಠವಲ್ಲ. 2016ರ ಬಾಲಕಾರ್ಮಿಕ ಕಾಯಿದೆಯ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗು ಮನೆಯ ಕಸುಬಿಗೆ ಕೈ ಜೋಡಿಸುವುದಾದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಓದು ಕೆಡಬಾರದು.

ಅರ್ಜಿ ಕೊಟ್ಟರೂ ಕೆಲಸವಾಗದಿದ್ದರೆ ದೂರು ಕೊಡಬಹುದು. ಶಿಕ್ಷಣ ಹಕ್ಕಿನ ದೂರನ್ನು ಸ್ಥಳೀಯ ಪ್ರಾಧಿಕಾರವು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದರ ಮೇಲೆ ಬೆಂಗಳೂರಿನ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಉಂಟು. ಮಕ್ಕಳ ಸಹಾಯವಾಣಿ 1098ಕ್ಕೂ ಫೋನು ಮಾಡಬಹುದು. ನಮ್ಮ ರೈತರಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಹೊಸದಾಗಿ ಬಂದಿದ್ದ ಮುಖ್ಯ ಶಿಕ್ಷಕರು ಅರ್ಜಿ ಓದಿ, ಅದೇ ದಿನ ಪುಸ್ತಕ ತೆಗೆದರು. ಹುಡುಗಿ ಈಗ ಆರನೇ ತರಗತಿಯ ದಾಖಲೆಯಲ್ಲಿದ್ದಾಳೆ. ಓದುತ್ತಿರುವುದು ಮೂರನೆಯದರ ಪುಸ್ತಕ. ಶಿಕ್ಷಕರು ಬರುವ ದಿನವನ್ನೂ ಹುಣಿಸೆ ಬೀಜದಲ್ಲೇ ಎಣಿಸುತ್ತಾಳೆ, ಮೂರು ಸಲ ಲೆಕ್ಕ ತಪ್ಪಿದೆ. ತಪ್ಪಿದ್ದು ಅವಳದಲ್ಲ.

ಅರ್ಜಿಯನ್ನು ಹೀಗೆ ಬರೆಯಬಹುದು:

"ಮುಖ್ಯ ಶಿಕ್ಷಕರು, ಸರ್ಕಾರಿ ಪ್ರಾಥಮಿಕ ಶಾಲೆ, ........ ಗ್ರಾಮ, ಚಿಂತಾಮಣಿ ತಾಲ್ಲೂಕು, ಇವರಿಗೆ. ಮಾನ್ಯರೇ, ನನ್ನ ಮಗಳು/ಮಗ ........, ವಯಸ್ಸು ...., ಅಂಗವಿಕಲತೆಯ ಕಾರಣ ಪ್ರತಿದಿನ ಶಾಲೆಗೆ ಬರಲು ಸಾಧ್ಯವಾಗುತ್ತಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 2012ರ ತಿದ್ದುಪಡಿಯಂತೆ ಗೃಹಾಧಾರಿತ ಶಿಕ್ಷಣವನ್ನು ಬಯಸಿರುತ್ತೇವೆ. ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ದಾಖಲಿಸಿಕೊಂಡು, ಸಂಪನ್ಮೂಲ ಶಿಕ್ಷಕರನ್ನು ಮನೆಗೆ ಕಳುಹಿಸಲು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಅಂಗವಿಕಲತೆಯ ಪ್ರಮಾಣಪತ್ರದ ನಕಲನ್ನು ಲಗತ್ತಿಸಿದೆ. ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ಚಿಂತಾಮಣಿ. ಇಂತಿ ತಮ್ಮ ವಿಶ್ವಾಸಿ, ........"

ಪ್ರಮಾಣಪತ್ರ ಇನ್ನೂ ಬಂದಿಲ್ಲದಿದ್ದರೆ "ಮಾಡಿಸುತ್ತಿದ್ದೇವೆ" ಎಂದು ಬರೆದು ಅರ್ಜಿಯನ್ನು ಕೊಟ್ಟೇಬಿಡಿ, ಕಾಯುತ್ತ ಕೂರಬೇಡಿ. ಮೂರು ಪ್ರತಿ ಬರೆಯಿರಿ. ಮೂರನೆಯದಕ್ಕೆ ತಲುಪಿದ ದಿನಾಂಕ ಮತ್ತು ಮೊಹರು ಹಾಕಿಸಿಕೊಂಡು, ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ. ಬರೆಯಲು ಕಷ್ಟವಾದರೆ ನನಗೆ ಹೇಳಿಕಳುಹಿಸಿ, ಹುಳು ನೋಡಲು ಬಂದಾಗ ಬರೆದುಕೊಡುತ್ತೇನೆ.