ಮರೆವಿನ ಮಾತ್ರೆಗೆ ಮುಂಚೆ ಮನೆಯ ಮಾತ್ರೆಗಳನ್ನು ನೋಡಿ

ಪ್ರಶ್ನೆ: ಡಾಕ್ಟರೇ, ನಮ್ಮ ಅತ್ತೆಗೆ 72 ವರ್ಷ. ಹುಳಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ಹೋದ ತಿಂಗಳು ದಿನಾ ಹೋಗುವ ದೇವಸ್ಥಾನದಿಂದ ಬರುವಾಗ ದಾರಿ ತಪ್ಪಿದರು. ಅಲ್ಜೈಮರ್ಸ್ ಎಂದು ಡೊನೆಪೆಜಿಲ್ ಬರೆದಿದ್ದಾರೆ. ಮಿದುಳಿನ ರಿಸೆಪ್ಟರ್‌ಗಳೇ ಹೋದ ಮೇಲೆ ಮಾತ್ರೆ ಏಕೆ, ಇದು ಅರಳುಮರಳು ಎನ್ನುತ್ತಾರೆ ಯಜಮಾನರು. ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್, ನಿದ್ದೆಗೆ ಅಮಿಟ್ರಿಪ್ಟಿಲಿನ್ ಮೊದಲಿನಿಂದಲೂ ಇವೆ.

ಉತ್ತರ: ಗೊತ್ತಿರುವ ದಾರಿ ತಪ್ಪುವುದು ಮುಪ್ಪಲ್ಲ, ಕಾಯಿಲೆ. ಅರಳುಮರಳು ಎಂದು ಕೈಕಟ್ಟಿ ಕೂತರೆ ಚಿಕಿತ್ಸೆಯ ಸಮಯ ದಾಟಿಹೋಗುತ್ತದೆ. ರಿಸೆಪ್ಟರ್‌ಗಳು ಹೋಗಿವೆ ಎಂಬುದೂ ಅರ್ಧ ಸತ್ಯ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ಅಲ್ಜೈಮರ್ಸ್ ರೋಗಿಗಳ ಮಿದುಳಿನಲ್ಲಿ ತೀರಾ ಕುಗ್ಗಿರುತ್ತದೆಂದು ಬ್ರಿಟನ್ನಿನ ಸಂಶೋಧಕರು 1976ರ ಸುಮಾರಿಗೇ ತೋರಿಸಿದರು. ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳಲ್ಲಿ ನಿಕೋಟಿನಿಕ್ ಬಗೆಯವು ಸಾಕಷ್ಟು ನಶಿಸುತ್ತವೆ, ನಿಜ. ಆದರೆ ಎಂ-1 ಎಂಬ ಬಗೆಯವು ಬಹುಪಾಲು ಉಳಿದಿರುತ್ತವೆ. ಡೊನೆಪೆಜಿಲ್ ಇದ್ದಷ್ಟು ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ತಡೆದು, ಉಳಿದ ಆ ರಿಸೆಪ್ಟರ್‌ಗಳಿಗೆ ಒದಗಿಸುತ್ತದೆ. ರೋಗ ವಾಸಿಯಾಗುವುದಿಲ್ಲ; ಕೆಲವರಿಗೆ ಕೆಲವು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ದಿನದ ಕೆಲಸ ಸುಧಾರಿಸುತ್ತದೆ. ಸೊಸೆ, ಮಗನಿಗೆ ಅದು ಸಣ್ಣ ಲಾಭವಲ್ಲ.

ನನ್ನ ಆತಂಕ ನಿಮ್ಮ ಪತ್ರದ ಕೊನೆಯ ಸಾಲಿನದು. ಆಕ್ಸಿಬ್ಯುಟಿನಿನ್, ಅಮಿಟ್ರಿಪ್ಟಿಲಿನ್ ಎರಡೂ ಉಳಿದಿರುವ ಅದೇ ರಿಸೆಪ್ಟರ್‌ಗಳನ್ನು ಮುಚ್ಚುತ್ತವೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತಾಯಿತು. ಅಂಗಡಿಯಿಂದ ತರುವ ಶೀತದ ಮಾತ್ರೆಗಳಲ್ಲಿನ ಕ್ಲೋರ್‌ಫೆನಿರಮಿನ್ ಕೂಡ ಇದೇ ಗುಂಪಿನದು. ವರ್ಷಗಟ್ಟಲೆ ತೆಗೆದುಕೊಂಡರೂ ಏನೂ ಆಗಿಲ್ಲ ಎನ್ನುವಿರಿ. ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ 3,400ಕ್ಕೂ ಹೆಚ್ಚು ಮಂದಿಯನ್ನು ಸರಾಸರಿ ಏಳು ವರ್ಷ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಔಷಧ ಹೆಚ್ಚು ಕಾಲ ಸೇವಿಸಿದವರಲ್ಲಿ ಡಿಮೆನ್ಷಿಯಾ ಹೆಚ್ಚು ಕಂಡಿತು. ಮಾತ್ರೆಯೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಮರೆವು ಈಗಾಗಲೇ ಇರುವವರಿಗೆ ಅವನ್ನು ಮುಂದುವರಿಸಲು ನನಗೆ ಧೈರ್ಯವಿಲ್ಲ. ನೀವಾಗಿಯೇ ನಿಲ್ಲಿಸಬೇಡಿ; ಅಮಿಟ್ರಿಪ್ಟಿಲಿನ್ ಹಂತಹಂತವಾಗಿ ಇಳಿಸಬೇಕು. ಮನೆಯಲ್ಲಿರುವ ಎಲ್ಲಾ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದಿಡಿ. ಮೂತ್ರಕ್ಕೆ ಮಿರಾಬೆಗ್ರಾನ್‌ನಂಥ ಬೇರೆ ದಾರಿಗಳಿವೆ.

ಜೊತೆಗೆ ಬಿ-12, ಥೈರಾಯ್ಡ್, ಸೋಡಿಯಂ, ಸಕ್ಕರೆ, ಮಿದುಳಿನ ಸ್ಕ್ಯಾನ್ ಇಷ್ಟನ್ನೂ ಮಾಡಿಸಿ. ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಂತ ರಕ್ತವೂ ಇಂಥದೇ ಮರೆವು ತರುತ್ತದೆ, ಅದನ್ನು ತೆಗೆಸಬಹುದು. ಡೊನೆಪೆಜಿಲ್ ನಾಡಿಯನ್ನು ನಿಧಾನಿಸುವುದರಿಂದ ಇಸಿಜಿ ಆಗದಿದ್ದರೆ ಮೊದಲು ಅದು.

ಪ್ರಶ್ನೆ: ನನಗೆ 44. ಬೀಗದ ಕೈ ಎಲ್ಲಿಟ್ಟೆ ಎಂದು ಮರೆಯುತ್ತೇನೆ. ನನಗೂ ಡಿಮೆನ್ಷಿಯಾವೇ?

ಉತ್ತರ: ಬೀಗದ ಕೈ ಎಲ್ಲಿದೆಯೆಂದು ಮರೆಯುವುದಕ್ಕೂ ಅದು ಯಾತಕ್ಕೆಂದೇ ತಿಳಿಯದಿರುವುದಕ್ಕೂ ಬಹಳ ಅಂತರವಿದೆ. ಭಯಪಡಬೇಡಿ. ಶುದ್ಧ ಸಸ್ಯಾಹಾರಿಯಾಗಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಈ ವಾರವೇ ಬಿ-12 ನೋಡಿಸಿ. ರಾತ್ರಿ ಎಷ್ಟು ಗಂಟೆ ಮಲಗುತ್ತೀರೆಂದು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ಅದನ್ನೂ ತಿಳಿಸಿ.